ಇನ್‌ಸ್ಟಾಲ್ ಎಲ್ಲಿ ಮುಗ್ಗರಿಸಿತು? ವಿಂಡೋಸ್ ಕಂಪ್ಯೂಟರಿಗೊಂದು ದೋಷ ನಿವಾರಣೆ ಕೈಪಿಡಿ

ತಂತ್ರಾಂಶವೊಂದು ಇನ್‌ಸ್ಟಾಲ್ ಆಗದೆ ಕೈಕೊಟ್ಟಾಗ ಕೊನೆಗೆ ಮೂಡುವ ಸಂದೇಶದ ಪೆಟ್ಟಿಗೆಯನ್ನೇ ನೆಚ್ಚಿಕೊಂಡರೆ ದಾರಿ ತಪ್ಪುತ್ತದೆ. ವಿಂಡೋಸ್‌ನ ಅತ್ಯಂತ ಕುಖ್ಯಾತ ದೋಷಸಂಖ್ಯೆ 1603. ಅನುಸ್ಥಾಪನೆಯ ವೇಳೆ ಮಾರಕ ದೋಷವೊಂದು ಸಂಭವಿಸಿತು ಎಂಬುದಷ್ಟೇ ಅದರ ಅರ್ಥ. ಏಕೆ, ಎಲ್ಲಿ, ಯಾವ ಫೈಲಿನಲ್ಲಿ ಎಂಬ ಸುಳಿವು ಅದರಲ್ಲಿ ಕಿಂಚಿತ್ತೂ ಇಲ್ಲ. ಆದರೂ ಜನ ಆ ಸಂಖ್ಯೆಯನ್ನು ಹುಡುಕಿ, ಸಿಕ್ಕ ಉಪಾಯಗಳನ್ನೆಲ್ಲ ಒಂದಾದ ಮೇಲೊಂದು ಪ್ರಯೋಗಿಸಿ, ಒಂದೇ ಇದ್ದ ತೊಂದರೆಯನ್ನು ಮೂರು ಮಾಡಿಕೊಂಡು ಕೂರುತ್ತಾರೆ.

ಕೇಳಬೇಕಾದ ಪ್ರಶ್ನೆ ಬೇರೆ. ಕೆಲಸ ಯಾವ ಹಂತದಲ್ಲಿ ನಿಂತಿತು? ಡಬಲ್ ಕ್ಲಿಕ್ ಮಾಡಿದರೂ ಏನೂ ಆಗಲಿಲ್ಲವೇ? ತೆರೆಯುತ್ತಿದ್ದಂತೆಯೇ ವಿಂಡೋಸ್ ತಡೆಯಿತೇ? ಹಸಿರು ಪಟ್ಟಿ ಮುಕ್ಕಾಲು ಭಾಗ ಓಡಿ, ಮತ್ತೆ ಹಿಂದಕ್ಕೆ ಸರಿಯಿತೇ? ಅಥವಾ ಎಲ್ಲವೂ ಮುಗಿದು, ಐಕಾನ್ ಬಂದು, ಕಾರ್ಯಕ್ರಮ ಮಾತ್ರ ತೆರೆಯುತ್ತಿಲ್ಲವೇ? ಈ ನಾಲ್ಕರ ಕಾರಣಗಳು ಒಂದಕ್ಕೊಂದು ಸಂಬಂಧವಿಲ್ಲದವು. ಹಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕೈ ಹಾಕುವ ಮುನ್ನ

ದೋಷದ ಸಂದೇಶವನ್ನು ಮುಚ್ಚುವ ಮೊದಲು ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಿ. "ಏನೋ ಎರರ್ ಬಂತು" ಎಂಬ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ಬಳಿಕ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ವಿನ್‌ವರ್ (winver) ಎಂದು ಟೈಪಿಸಿ ಆವೃತ್ತಿಯನ್ನು ನೋಡಿ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದ ಕೊನೆಯಲ್ಲಿರುವ ಅಬೌಟ್ ಪುಟದಲ್ಲಿ ಯಂತ್ರ 32 ಬಿಟ್‌ನದೋ 64 ಬಿಟ್‌ನದೋ, ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿ ಜಾತಿಯದೋ ಆರ್ಮ್ ಜಾತಿಯದೋ ಎಂಬುದು ಇರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ.

ಇನ್ನು, ಮಾಡಬಾರದವು. ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಸೆಟ್ಟಿಂಗ್ಸ್ ಬರೆದಿಡುವ ಕಣಜವೇ ರಿಜಿಸ್ಟ್ರಿ; ರಿಜಿಸ್ಟ್ರಿ ಕ್ಲೀನರ್ ಎಂಬ ಹೆಸರಿನ ಯಾವುದನ್ನೂ ಓಡಿಸಬೇಡಿ. ಆಂಟಿವೈರಸ್ ಆಫ್ ಮಾಡುವುದು ಮೊದಲ ಹೆಜ್ಜೆಯಲ್ಲ, ಕೊನೆಯ ಹೆಜ್ಜೆಗಳಲ್ಲಿ ಒಂದು. ತಂತ್ರಾಂಶದ ಜೊತೆ ಬಂದ ಸೂಚನೆಯಲ್ಲೇ "ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಎಂದು ಬರೆದಿದ್ದರೆ, ಆ ಫೈಲನ್ನು ಅಳಿಸಿಹಾಕುವುದೇ ಸರಿಯಾದ ಪರಿಹಾರ. ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುವ ಉತ್ಸಾಹವನ್ನೂ ಸದ್ಯಕ್ಕೆ ಬದಿಗಿಡಿ. ಫೈಲೇ ಕೆಟ್ಟಿದ್ದರೆ ಹೊಸ ವಿಂಡೋಸ್‌ನಲ್ಲೂ ಅದೇ ಪೆಟ್ಟಿಗೆ ಮೂಡುತ್ತದೆ.

ಒಂದು ಕೆಲಸವನ್ನು ಮಾತ್ರ ಕಣ್ಣುಮುಚ್ಚಿ ಮಾಡಬಹುದು: ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದ್ದು, ಶಟ್‌ಡೌನ್ ಒತ್ತಿದಾಗ ವ್ಯವಸ್ಥೆಯ ತಿರುಳು ಪೂರ್ತಿ ಆರುವುದಿಲ್ಲ; ಅದರ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲ ಹಾಗೆಯೇ ಮೇಲೇಳುತ್ತದೆ. ಹಿಂದಿನ ಯಾವುದೋ ಅಪ್‌ಡೇಟ್ ಬದಲಿಸಬೇಕೆಂದು ಬಾಕಿ ಇಟ್ಟ ಫೈಲುಗಳು ಬದಲಾಗುವುದು ರೀಸ್ಟಾರ್ಟ್ ಆದಾಗಲೇ. ತಿಂಗಳುಗಟ್ಟಲೆ ರೀಸ್ಟಾರ್ಟ್ ಕಾಣದ ಲ್ಯಾಪ್‌ಟಾಪಿನಲ್ಲಿ ಹೊಸ ತಂತ್ರಾಂಶ ಮೊಂಡುಹಿಡಿದರೆ ಅಚ್ಚರಿಯೇನಿಲ್ಲ.

ಫೈಲೇ ಸರಿ ಇಲ್ಲದಿದ್ದರೆ

ಡಬಲ್ ಕ್ಲಿಕ್‌ಗೆ ಏನೂ ಆಗದಿದ್ದರೆ, ಇಲ್ಲವೇ "ಈ ಪ್ಯಾಕೇಜನ್ನು ತೆರೆಯಲಾಗಲಿಲ್ಲ" ಎಂಬ ಅರ್ಥದ 1619 ಅಥವಾ 1620 ಸಂಖ್ಯೆ ಕಂಡರೆ, ಮೊದಲ ಅನುಮಾನ ಫೈಲಿನ ಮೇಲೆ.

ಹೆಚ್ಚು ಕಾಣಸಿಗುವ ತಪ್ಪು ಜಿಪ್ ಫೈಲಿನದು. ಇಳಿಸಿಕೊಂಡ ಜಿಪ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಅದನ್ನು ಸಾಮಾನ್ಯ ಫೋಲ್ಡರಿನಂತೆಯೇ ತೆರೆದು ತೋರಿಸುತ್ತದೆ. ಒಳಗೆ ಸೆಟಪ್ ಕಾಣುತ್ತದೆ, ಅದನ್ನೂ ಒತ್ತುತ್ತೇವೆ. ಆಗ ಆ ಒಂದು ಫೈಲು ಮಾತ್ರ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡು ಓಡತೊಡಗುತ್ತದೆ. ಅದಕ್ಕೆ ಬೇಕಾದ ಉಳಿದ ಫೈಲುಗಳು ಜಿಪ್‌ನಲ್ಲೇ ಉಳಿಯುತ್ತವೆ. "ಇಂಥ ಫೈಲು ಸಿಗಲಿಲ್ಲ" ಎಂಬ ದೂರು ಬರುತ್ತದೆ. ಬಲ ಕ್ಲಿಕ್ ಮಾಡಿ ಎಕ್ಸ್‌ಟ್ರಾಕ್ಟ್ ಆಲ್ ಆರಿಸಿ, ಪೂರ್ತಿ ಬಿಚ್ಚಿದ ಫೋಲ್ಡರಿನಿಂದಲೇ ಸೆಟಪ್ ಓಡಿಸಿ. ಆ ಫೋಲ್ಡರ್ ಸಿ ಡ್ರೈವಿನ ಮೇಲ್ಮಟ್ಟದಲ್ಲಿ, ಚಿಕ್ಕ ಇಂಗ್ಲಿಷ್ ಹೆಸರಿನದಾಗಿದ್ದರೆ ಒಳ್ಳೆಯದು. ಡೌನ್‌ಲೋಡ್ಸ್‌ನೊಳಗೆ ಒಂದರೊಳಗೊಂದು ಹುದುಗಿದ ಉದ್ದುದ್ದ ಹೆಸರಿನ ಫೋಲ್ಡರುಗಳಲ್ಲಿ ಪೂರ್ಣ ವಿಳಾಸ 260 ಅಕ್ಷರ ದಾಟಿದರೆ ಹಳೆಯ ರೀತಿಯ ಇನ್‌ಸ್ಟಾಲರುಗಳು ಅಲ್ಲೇ ಸೋಲುತ್ತವೆ.

ಎರಡನೆಯದು ಅರ್ಧಂಬರ್ಧ ಇಳಿದ ಫೈಲು. ತಯಾರಕರ ಪುಟದಲ್ಲಿ ಫೈಲಿನ ಬೆರಳಚ್ಚಿನಂಥ ಶಾ-256 ಮೊತ್ತ ಕೊಟ್ಟಿದ್ದರೆ ಹೋಲಿಸಿ ನೋಡಿ. ಆಜ್ಞೆ ಟೈಪಿಸುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ (certutil) ಆಜ್ಞೆಗೆ ಹ್ಯಾಶ್‌ಫೈಲ್ (-hashfile) ಆಯ್ಕೆ, ಫೈಲಿನ ವಿಳಾಸ, ಕೊನೆಗೆ ಶಾ256 (SHA256) ಎಂದು ಕೊಟ್ಟರೆ 64 ಚಿಹ್ನೆಗಳ ಸಾಲೊಂದು ಬರುತ್ತದೆ. ಒಂದೇ ಒಂದು ಚಿಹ್ನೆ ಬೇರೆಯಾದರೂ ಫೈಲು ಬೇರೆ ಎಂದೇ ಅರ್ಥ. ಮೊತ್ತ ಕೊಟ್ಟಿಲ್ಲದಿದ್ದರೆ ಕನಿಷ್ಠ ಗಾತ್ರವನ್ನಾದರೂ ಹೋಲಿಸಿ. 300 ಎಂಬಿ ಇರಬೇಕಾದದ್ದು 2 ಎಂಬಿ ಇದ್ದರೆ ನೀವು ಇಳಿಸಿಕೊಂಡಿರುವುದು ತಂತ್ರಾಂಶವನ್ನೇ ಅಲ್ಲ. ಉಳಿದದ್ದನ್ನು ಓಡುವಾಗ ಅಂತರ್ಜಾಲದಿಂದ ತರಿಸಿಕೊಳ್ಳುವ ಆನ್‌ಲೈನ್ ಇನ್‌ಸ್ಟಾಲರ್ ಇರಬಹುದು, ಇಲ್ಲವೇ ಪಕ್ಕದಲ್ಲಿ ದೊಡ್ಡದಾಗಿ ಮಿನುಗುತ್ತಿದ್ದ ಜಾಹೀರಾತಿನ ಹಸಿರು ಗುಂಡಿಯ ಫಲ ಇರಬಹುದು.

ಮೂರನೆಯದು ಜಾತಿಯ ಹೊಂದಾಣಿಕೆ. 64 ಬಿಟ್ ತಂತ್ರಾಂಶ 32 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ಅದರ ತಿರುವುಮುರುವು ಸಾಮಾನ್ಯವಾಗಿ ನಡೆಯುತ್ತದೆ. ಎಂಎಸ್‌ಐ (ವಿಂಡೋಸ್‌ನ ಸ್ವಂತ ಇನ್‌ಸ್ಟಾಲರ್ ಓಡಿಸುವ ಬಗೆಯ) ಪ್ಯಾಕೇಜ್ ಆದರೆ ಇಲ್ಲಿ 1633 ಬರುತ್ತದೆ. ಆರ್ಮ್ ಪ್ರೊಸೆಸರಿನ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯ ತಂತ್ರಾಂಶಗಳು ಅನುಕರಣೆಯ ಮೂಲಕ ಓಡಿದರೂ, ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರ್‌ಗಳು ಆರ್ಮ್‌ಗಾಗಿಯೇ ಬರೆದವಾಗಿರಬೇಕು. ಹಳೆಯ ಪ್ರಿಂಟರನ್ನು ಹೊಸ ಆರ್ಮ್ ಲ್ಯಾಪ್‌ಟಾಪಿಗೆ ಜೋಡಿಸಲು ಹೊರಟವರು ಮೊದಲು ಇದನ್ನು ನೋಡಿಕೊಳ್ಳಲಿ.

ಬಾಗಿಲಲ್ಲೇ ತಡೆದರೆ

"ವಿಂಡೋಸ್ ನಿಮ್ಮ ಪಿಸಿಯನ್ನು ರಕ್ಷಿಸಿತು" ಎಂಬ ನೀಲಿ ಪರದೆ ಸ್ಮಾರ್ಟ್‌ಸ್ಕ್ರೀನ್‌ನದು. ಅದು ವೈರಸ್ ಸಿಕ್ಕಿತು ಎಂಬ ತೀರ್ಪಲ್ಲ. ಈ ಫೈಲಿನ, ಇದರ ಪ್ರಕಾಶಕರ ಪರಿಚಯ ಸಾಲದು ಎಂಬ ಎಚ್ಚರಿಕೆ. ಸಣ್ಣ ತಂಡಗಳು ಮಾಡಿದ ಪ್ರಾಮಾಣಿಕ ತಂತ್ರಾಂಶಗಳಿಗೂ ಇದು ಬರುತ್ತದೆ. ಮೂಲ ತಾಣದಿಂದಲೇ ಇಳಿಸಿಕೊಂಡದ್ದು ಖಚಿತವಾಗಿದ್ದರೆ ಮೋರ್ ಇನ್‌ಫೋ ಒತ್ತಿ, ರನ್ ಎನಿವೇ ಆರಿಸಿ. ಅಂತರ್ಜಾಲದಿಂದ ಬಂದ ಫೈಲಿಗೆ ವಿಂಡೋಸ್ ಒಂದು ಅದೃಶ್ಯ ಗುರುತು ಅಂಟಿಸುತ್ತದೆ. ಫೈಲಿನ ಪ್ರಾಪರ್ಟೀಸ್‌ನ ಕೆಳತುದಿಯಲ್ಲಿ ಅನ್‌ಬ್ಲಾಕ್ ಎಂಬ ಚೌಕ ಕಂಡರೆ ಅದೇ ಆ ಗುರುತು. ಜಿಪ್ ಬಿಚ್ಚುವ ಮೊದಲೇ ಇದನ್ನು ತೆಗೆದರೆ ಒಳಗಿನ ಪ್ರತಿ ಫೈಲಿಗೂ ತೆಗೆಯುವ ತಾಪತ್ರಯ ತಪ್ಪುತ್ತದೆ.

"ಸ್ಟೋರ್‌ನ ಆ್ಯಪ್‌ಗಳು ಮಾತ್ರ" ಎಂದು ಯಂತ್ರ ಹಟ ಹಿಡಿದರೆ ವಿಂಡೋಸ್ ಎಸ್ ಮೋಡ್‌ನಲ್ಲಿ ಇರಬಹುದು. ಅದರಿಂದ ಹೊರಬರಲು ಹಣ ಕೊಡಬೇಕಿಲ್ಲ, ಆದರೆ ಒಮ್ಮೆ ಹೊರಬಂದರೆ ಮರಳಿ ಹೋಗುವಂತಿಲ್ಲ. ಶಾಲೆ, ಕಚೇರಿಗಳ ಯಂತ್ರದಲ್ಲಿ 1625 ಕಂಡರೆ ನೀತಿಯ ನಿರ್ಬಂಧ ಎಂದರ್ಥ. ಅದಕ್ಕೆ ಔಷಧ ನಿಮ್ಮ ಕೈಯಲ್ಲಿಲ್ಲ, ಆಡಳಿತ ನೋಡಿಕೊಳ್ಳುವವರ ಕೈಯಲ್ಲಿದೆ.

ಎಲ್ಲರೂ ಮರೆಯುವ ಸಂಗತಿ ಗಡಿಯಾರ. ಹಳೆಯ ಡೆಸ್ಕ್‌ಟಾಪುಗಳ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಸಿಆರ್2032 ಬ್ಯಾಟರಿ ಇರುತ್ತದೆ. ಅದು ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಯಾವುದೋ ಹಳೆಯ ವರ್ಷಕ್ಕೆ ಜಾರುತ್ತದೆ. ಭದ್ರತಾ ಪ್ರಮಾಣಪತ್ರಗಳಿಗೆ ಆರಂಭ ಮತ್ತು ಮುಕ್ತಾಯದ ದಿನಾಂಕ ಇರುವುದರಿಂದ, ಕಂಪ್ಯೂಟರಿನ ಪಾಲಿಗೆ ಅವು ಇನ್ನೂ ಹುಟ್ಟಿಯೇ ಇಲ್ಲ. ಆನ್‌ಲೈನ್ ಇನ್‌ಸ್ಟಾಲರ್ ಸರ್ವರಿಗೆ ಜೋಡಿಸಿಕೊಳ್ಳಲಾರದೆ "ಇಂಟರ್ನೆಟ್ ಸಂಪರ್ಕ ಪರೀಕ್ಷಿಸಿ" ಎನ್ನುತ್ತದೆ. ನಾವು ರೂಟರನ್ನು ಆರಿಸಿ ಹಚ್ಚಿ ಮಾಡುತ್ತಾ ಕೂರುತ್ತೇವೆ. ಪರದೆಯ ಬಲಮೂಲೆಯಲ್ಲಿರುವ ವರ್ಷವನ್ನು ಒಮ್ಮೆ ಓದಿ.

ಬಳಕೆದಾರರ ಹೆಸರು ಕನ್ನಡದಲ್ಲಿದ್ದರೆ

ಇಂಗ್ಲಿಷ್ ಕೈಪಿಡಿಗಳಲ್ಲಿ ಈ ದೋಷಕ್ಕೆ ಒಂದು ಸಾಲೂ ಸಿಗುವುದು ಕಷ್ಟ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಹೊಸ ಲ್ಯಾಪ್‌ಟಾಪಿನಲ್ಲಿ ಸ್ಥಳೀಯ ಖಾತೆ ತೆರೆಯುವಾಗ ಹೆಸರು ಕೇಳುತ್ತದೆ. ಕನ್ನಡ ಕೀಲಿಮಣೆ ಇದೆ, ಅಭಿಮಾನವೂ ಇದೆ. "ಗೌರಿ" ಎಂದು ಟೈಪಿಸುತ್ತೀರಿ. ವಿಂಡೋಸ್ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ "ಗೌರಿ" ಎಂಬ ಹೆಸರಿನಲ್ಲೇ ಒಂದು ಫೋಲ್ಡರ್ ಮಾಡುತ್ತದೆ. ಕಡತವ್ಯವಸ್ಥೆಗೆ ಇದು ಪೂರ್ತಿ ಒಪ್ಪಿಗೆ. ವರ್ಡ್, ಬ್ರೌಸರ್, ಎಲ್ಲವೂ ನಡೆಯುತ್ತವೆ. ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರ್ ಕೂಡ ಇದರೊಳಗೇ ಇರುತ್ತದೆ. ಒಂದು ದಿನ ಯಾವುದೋ ಇನ್‌ಸ್ಟಾಲರ್, ತಾನು ಬಿಚ್ಚಿಕೊಳ್ಳಬೇಕಾದ ಜಾಗ ಸಿಗದೆ, ತಾತ್ಕಾಲಿಕ ಫೈಲನ್ನು ಬರೆಯಲಾಗಲಿಲ್ಲ, ಟೆಂಪ್ ಫೋಲ್ಡರ್ ಸರಿಯಿದೆಯೇ ನೋಡಿ ಎಂದು ದೂರುತ್ತದೆ. ಇನ್ನೊಂದು 1324 ಎಂಬ ಸಂಖ್ಯೆ ತೋರಿಸಿ, ಫೋಲ್ಡರಿನ ವಿಳಾಸದಲ್ಲಿ ಸಲ್ಲದ ಚಿಹ್ನೆ ಇದೆ ಎನ್ನುತ್ತದೆ. ಆ ಸಂದೇಶದಲ್ಲಿ ನಿಮ್ಮ ಹೆಸರು ಇರಬೇಕಾದ ಕಡೆ "????" ಎಂದಿರುತ್ತದೆ.

ಆ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳಲ್ಲೇ ರೋಗದ ಹೆಸರಿದೆ. "ಗೌರಿ" ಕಣ್ಣಿಗೆ ಎರಡಕ್ಷರ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಗಕಾರ, ಔತ್ವ, ರಕಾರ, ಗುಡಿಸು ಎಂದು ನಾಲ್ಕು ಸಂಕೇತ. ಹಳೆಯ ರೀತಿಯಲ್ಲಿ ಬರೆದ ತಂತ್ರಾಂಶಗಳು ಯೂನಿಕೋಡ್ ಬದಲು ವಿಂಡೋಸ್‌ನ ಕೋಡ್ ಪೇಜ್ ಎಂಬ ಎಂಟು ಬಿಟ್‌ಗಳ ಅಕ್ಷರಪಟ್ಟಿಯನ್ನು ಬಳಸುತ್ತವೆ. ರಷ್ಯನ್, ಗ್ರೀಕ್, ಥಾಯ್ ಭಾಷೆಗಳಿಗೆ ಅಂಥ ಪಟ್ಟಿಗಳಿವೆ. ಕನ್ನಡಕ್ಕೆ ವಿಂಡೋಸ್ ಎಂದೂ ಅಂಥ ಪಟ್ಟಿ ಕೊಡಲಿಲ್ಲ. ನಮ್ಮ ಲಿಪಿ ಅಲ್ಲಿಗೆ ಬಂದದ್ದೇ ಯೂನಿಕೋಡ್ ಮೂಲಕ. ಇಂಗ್ಲಿಷ್ ವ್ಯವಸ್ಥೆಯ ಯಂತ್ರದಲ್ಲಿ ಇರುವುದು 1252 ಎಂಬ ಪಶ್ಚಿಮ ಯೂರೋಪಿನ ಪಟ್ಟಿ. ಅದರಲ್ಲಿಲ್ಲದ ಪ್ರತಿ ಸಂಕೇತದ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆ ನಿಷಿದ್ಧ. ಹೀಗಾಗಿ ಇರುವ ಫೋಲ್ಡರನ್ನೇ ಇನ್‌ಸ್ಟಾಲರ್ ಇಲ್ಲ ಎನ್ನುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಯೂಸರ್ಸ್ ಫೋಲ್ಡರ್ ತೆರೆದು ನಿಮ್ಮ ಫೋಲ್ಡರಿನ ಹೆಸರು ಯಾವ ಲಿಪಿಯಲ್ಲಿದೆ ಎಂದು ನೋಡಿ. ಲಾಗಿನ್ ಪರದೆಯಲ್ಲಿ ಕಾಣುವ ಹೆಸರನ್ನು ನೋಡಬೇಡಿ, ಅದು ಬೇರೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಖಾತೆಯ ಹೆಸರು ಬದಲಿಸಿದರೆ ಬದಲಾಗುವುದು ಪರದೆಯ ಹೆಸರು ಮಾತ್ರ, ಫೋಲ್ಡರ್ ಇದ್ದಂತೆಯೇ ಇರುತ್ತದೆ. ಬಹಳ ಜನ ಅಲ್ಲಿ ಇಂಗ್ಲಿಷ್ ಹೆಸರು ಹಾಕಿ, ಸರಿಹೋಯಿತೆಂದು ತಿಳಿದು, ಮತ್ತೆ ಅದೇ ದೋಷ ಕಂಡು ಕಂಗಾಲಾಗುವುದು ಇದರಿಂದಲೇ.

ತಾತ್ಕಾಲಿಕ ಪರಿಹಾರ: ಸಿ ಡ್ರೈವಿನಲ್ಲಿ ನೇರವಾಗಿ ಟೆಂಪ್ ಎಂದು ಇಂಗ್ಲಿಷಿನಲ್ಲಿ ಒಂದು ಫೋಲ್ಡರ್ ಮಾಡಿ. ಸ್ಟಾರ್ಟ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಎಂದು ಹುಡುಕಿ, ನಿಮ್ಮ ಖಾತೆಯ ಪಟ್ಟಿಯಲ್ಲಿರುವ ಟೆಂಪ್ ಮತ್ತು ಟಿಎಂಪಿ ಎರಡನ್ನೂ ಆ ಫೋಲ್ಡರಿಗೆ ತಿರುಗಿಸಿ. ಲಾಗ್ ಔಟ್ ಆಗಿ ಮತ್ತೆ ಬಂದು ಇನ್‌ಸ್ಟಾಲರ್ ಓಡಿಸಿ. ಬಿಚ್ಚಿಕೊಳ್ಳುವ ಹಂತದಲ್ಲಿ ಸೋಲುತ್ತಿದ್ದವು ಬಹುಪಾಲು ಇಷ್ಟಕ್ಕೇ ದಾರಿಗೆ ಬರುತ್ತವೆ.

ಆದರೆ ತಂತ್ರಾಂಶ ತನ್ನ ಸೆಟ್ಟಿಂಗ್ಸ್ ಬರೆದಿಡುವ ಆ್ಯಪ್‌ಡೇಟಾ ಫೋಲ್ಡರ್ ಕನ್ನಡ ಹೆಸರಿನ ಕೆಳಗೇ ಉಳಿಯುತ್ತದೆ. ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೆ ಇದು ಹೆಚ್ಚು ಕಾಡುತ್ತದೆ. ಆ್ಯಂಡ್ರಾಯ್ಡ್ ಸ್ಟುಡಿಯೋ ತನ್ನ ಎಸ್‌ಡಿಕೆ (ಆ್ಯಪ್ ಬರೆಯಲು ಬೇಕಾದ ಸಾಧನಗಳ ಕಟ್ಟು) ಇರುವ ವಿಳಾಸದಲ್ಲಿ ಇಂಗ್ಲಿಷೇತರ ಅಕ್ಷರ ಕಂಡರೆ ಎಚ್ಚರಿಕೆ ಕೊಡುತ್ತದೆ. ಶಾಶ್ವತ ಪರಿಹಾರವೆಂದರೆ ಇಂಗ್ಲಿಷ್ ಹೆಸರಿನಲ್ಲಿ ಹೊಸ ಖಾತೆ ತೆರೆದು, ಅದಕ್ಕೆ ಅಡ್ಮಿನಿಸ್ಟ್ರೇಟರ್ ಹಕ್ಕು ಕೊಟ್ಟು, ಫೈಲುಗಳನ್ನು ಅಲ್ಲಿಗೆ ಸಾಗಿಸುವುದು. ಖಾತೆ ಆದ ಮೇಲೆ ಪರದೆಯ ಹೆಸರನ್ನು ಧಾರಾಳವಾಗಿ ಕನ್ನಡಕ್ಕೆ ಬದಲಿಸಿಕೊಳ್ಳಿ; ಫೋಲ್ಡರ್ ಇಂಗ್ಲಿಷಿನಲ್ಲೇ ಉಳಿಯುವುದರಿಂದ ಯಾವ ತೊಂದರೆಯೂ ಇಲ್ಲ. ಇದ್ದ ಫೋಲ್ಡರನ್ನೇ ರಿಜಿಸ್ಟ್ರಿ ತಿದ್ದಿ ಮರುನಾಮಕರಣ ಮಾಡುವ ವಿಡಿಯೋಗಳಿವೆ. ಹಳೆಯ ವಿಳಾಸ ನೂರಾರು ಕಡೆ ಬರೆದಿಟ್ಟಿರುತ್ತದೆ. ಎಲ್ಲೋ ಒಂದು ಉಳಿದು ಮುಂದೆ ಕಾಡುತ್ತದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಉಪಾಯವೂ ಇದೆ. ಪ್ರಾದೇಶಿಕ ಸೆಟ್ಟಿಂಗ್ಸ್‌ನ ಆಡಳಿತ ಪುಟದಲ್ಲಿ, ಜಗತ್ತಿನ ಭಾಷೆಗಳಿಗಾಗಿ ಯುಟಿಎಫ್-8 (ಯೂನಿಕೋಡ್‌ನ ಒಂದು ರೂಪ) ಬಳಸಿ ಎಂಬ ಬೀಟಾ ಆಯ್ಕೆ. ಅದು ಕೋಡ್ ಪೇಜನ್ನೇ ಬದಲಿಸಿಬಿಡುತ್ತದೆ. ಕೆಲವು ತಂತ್ರಾಂಶಗಳು ಸರಿಹೋಗುತ್ತವೆ, ಅದುವರೆಗೆ ಸರಿಯಿದ್ದ ಹಳೆಯವು ಕೆಲವು ಕೆಡುತ್ತವೆ. ಹಳೆಯ ಫಾಂಟ್ ಆಧಾರಿತ ಕನ್ನಡ ಕಡತಗಳೊಂದಿಗೆ ದಿನವೂ ಕೆಲಸ ಮಾಡುವ ಡಿಟಿಪಿ ಕೇಂದ್ರದವರು ಇದನ್ನು ಮುಟ್ಟದಿರುವುದೇ ವಾಸಿ.

ಮುಕ್ಕಾಲು ದಾರಿ ಹೋಗಿ ಹಿಂದಕ್ಕೆ ಬಂದರೆ

ಪಟ್ಟಿ ಹಿಂದಕ್ಕೆ ಸರಿಯುವುದು ವಿಂಡೋಸ್ ಇನ್‌ಸ್ಟಾಲರಿನ ಶಿಸ್ತು. ನಡುವೆ ಒಂದು ಹೆಜ್ಜೆ ಸೋತರೂ ಅದುವರೆಗೆ ಹಾಕಿದ್ದನ್ನೆಲ್ಲ ತೆಗೆದು ಯಂತ್ರವನ್ನು ಮೊದಲಿನಂತೆ ಮಾಡುತ್ತದೆ.

ಸುಲಭದವನ್ನು ಮೊದಲು ಮುಗಿಸೋಣ. 1618 ಬಂದರೆ ಇನ್ನೊಂದು ಇನ್‌ಸ್ಟಾಲ್ ನಡೆಯುತ್ತಿದೆ ಎಂದರ್ಥ. ಹಿನ್ನೆಲೆಯಲ್ಲಿ ಯಾವುದೋ ತಂತ್ರಾಂಶ ಅಪ್‌ಡೇಟ್ ಆಗುತ್ತಿರಬಹುದು. ಕಾಯಿರಿ, ಮುಗಿಯದಿದ್ದರೆ ರೀಸ್ಟಾರ್ಟ್ ಮಾಡಿ. 1704 ಬಂದರೆ ಹಿಂದಿನ ಒಂದು ಇನ್‌ಸ್ಟಾಲ್ ಅರ್ಧಕ್ಕೇ ನಿಂತಿದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ನಡುವೆ ಕರೆಂಟ್ ಹೋದರೆ ಆಗುವುದು ಇದೇ. ಆ ಹಳೆಯದನ್ನು ಮತ್ತೆ ಓಡಿಸಿ ಮುಗಿಸಬೇಕು ಇಲ್ಲವೇ ರದ್ದುಮಾಡಬೇಕು, ಆಮೇಲೆ ಹೊಸದು. 3010 ಮತ್ತು 1641 ದೋಷಗಳೇ ಅಲ್ಲ, ಕೆಲಸ ಯಶಸ್ವಿ, ರೀಸ್ಟಾರ್ಟ್ ಬೇಕು ಎಂಬ ಸೂಚನೆ. 1638 ಎಂದರೆ ಬೇರೊಂದು ಆವೃತ್ತಿ ಈಗಾಗಲೇ ಇದೆ.

ಡಿ ಡ್ರೈವಿನಲ್ಲಿ ಹಾಕುತ್ತಿದ್ದೇನೆ, ಅಲ್ಲಿ ಬೇಕಾದಷ್ಟು ಜಾಗವಿದೆ ಎಂಬ ವಾದವನ್ನು ಆಗಾಗ ಕೇಳುತ್ತೇನೆ. ಬಿಚ್ಚಿಕೊಳ್ಳುವುದು ಟೆಂಪ್‌ನಲ್ಲಿ, ಪ್ಯಾಕೇಜಿನ ಪ್ರತಿ ಉಳಿಯುವುದು ವಿಂಡೋಸ್ ಫೋಲ್ಡರಿನಲ್ಲಿ. ಎರಡೂ ಸಿ ಡ್ರೈವಿನವು. ಅಲ್ಲಿ ಜಾಗವಿಲ್ಲದಿದ್ದರೆ ಡಿ ಡ್ರೈವ್ ಖಾಲಿ ಹೊಡೆಯುತ್ತಿದ್ದರೂ ಪ್ರಯೋಜನವಿಲ್ಲ.

ಈಗ 1603. ಮೈಕ್ರೋಸಾಫ್ಟ್ ಕೊಡುವ ಸಾಮಾನ್ಯ ಕಾರಣಗಳು ಇವು: ಅದೇ ತಂತ್ರಾಂಶ ಆಗಲೇ ಇದೆ, ಹಾಕುವ ಫೋಲ್ಡರ್ ಎನ್‌ಕ್ರಿಪ್ಟ್ ಆಗಿದೆ, ಆ ಡ್ರೈವ್ ನಿಜವಾದ ಡ್ರೈವ್ ಅಲ್ಲ, ಬೇರೊಂದು ಫೋಲ್ಡರಿಗೆ ಕೊಟ್ಟ ಬದಲಿ ಅಕ್ಷರ, ಅಥವಾ ಆ ಫೋಲ್ಡರಿನ ಮೇಲೆ ಸಿಸ್ಟಮ್ ಖಾತೆಗೆ ಪೂರ್ಣ ಹಕ್ಕು ಇಲ್ಲ. ಕೊನೆಯದು ಗಮನಾರ್ಹ. ನೀವು ಅಡ್ಮಿನಿಸ್ಟ್ರೇಟರ್ ಆಗಿದ್ದರೂ ನಿಜವಾಗಿ ಫೈಲು ಬರೆಯುವುದು ಸಿಸ್ಟಮ್ ಎಂಬ ಖಾತೆ. "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಎಂಬುದನ್ನು ಎಷ್ಟು ಸಲ ಒತ್ತಿದರೂ ಈ ಕೊರತೆ ತುಂಬುವುದಿಲ್ಲ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಪುಟ ತೆರೆದು ಪಟ್ಟಿಯಲ್ಲಿ ಸಿಸ್ಟಮ್ ಇದೆಯೇ, ಫುಲ್ ಕಂಟ್ರೋಲ್ ಎದುರು ಗುರುತು ಇದೆಯೇ ನೋಡಿ.

ಇವು ಯಾವುವೂ ಅಲ್ಲದಿದ್ದರೆ ಊಹೆ ನಿಲ್ಲಿಸಿ ದಾಖಲೆ ಓದಬೇಕು. ಎಂಎಸ್‌ಐ ಫೈಲಾಗಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಎಂಎಸ್‌ಐಎಕ್ಸೆಕ್ (msiexec) ಎಂದು ಬರೆದು, ಓರೆಗೆರೆ ಮತ್ತು ಐ, ಉದ್ಧರಣ ಚಿಹ್ನೆಗಳ ನಡುವೆ ಫೈಲಿನ ವಿಳಾಸ, ಮತ್ತೊಂದು ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ಎಲ್, ನಕ್ಷತ್ರ, ವಿ, ಕೊನೆಗೆ ದಾಖಲೆ ಎಲ್ಲಿ ಬರೆಯಬೇಕೋ ಆ ವಿಳಾಸ. ಇಎಕ್ಸ್‌ಇ ಇನ್‌ಸ್ಟಾಲರುಗಳಲ್ಲಿ ಹಲವು ತಮ್ಮ ದಾಖಲೆಯನ್ನು ತಾವೇ ಟೆಂಪ್ ಫೋಲ್ಡರಿನಲ್ಲಿ ಬಿಟ್ಟುಹೋಗುತ್ತವೆ. ದಿನಾಂಕದ ಪ್ರಕಾರ ಜೋಡಿಸಿದರೆ ಮೇಲೆಯೇ ಸಿಗುತ್ತದೆ.

ದಾಖಲೆ ಸಾವಿರಾರು ಸಾಲಿನದು. ಹೆದರಬೇಕಿಲ್ಲ. ನೋಟ್‌ಪ್ಯಾಡಿನಲ್ಲಿ "ರಿಟರ್ನ್ ವ್ಯಾಲ್ಯೂ 3" (Return value 3) ಎಂಬ ಇಂಗ್ಲಿಷ್ ಪದಗಳನ್ನು ಮೊದಲಿನಿಂದ ಹುಡುಕಿ. ಪ್ರತಿ ಹೆಜ್ಜೆ ಮುಗಿದಾಗಲೂ ಒಂದು ಉತ್ತರ ದಾಖಲಾಗುತ್ತದೆ: 1 ಎಂದರೆ ಸರಿ, 2 ಎಂದರೆ ಬಳಕೆದಾರರು ನಿಲ್ಲಿಸಿದರು, 3 ಎಂದರೆ ಸೋಲು. ಒಂದು ಸೋತರೆ ಅದನ್ನು ಕರೆದದ್ದೂ ಸೋಲುತ್ತದೆ, ಅದನ್ನು ಕರೆದದ್ದೂ ಸೋಲುತ್ತದೆ. ಆದ್ದರಿಂದ 3 ಹಲವು ಸಲ ಸಿಗುತ್ತದೆ. ನಿಮಗೆ ಬೇಕಾದದ್ದು ಮೊಟ್ಟಮೊದಲನೆಯದು. ಅದರ ಮೇಲಿನ ಹತ್ತಿಪ್ಪತ್ತು ಸಾಲುಗಳಲ್ಲೇ ಕಾರಣ ಇರುತ್ತದೆ. ಅಲ್ಲಿ 1310 ಕಂಡರೆ ಫೈಲು ಬರೆಯಲಾಗಲಿಲ್ಲ, 1402 ಅಥವಾ 1406 ಆದರೆ ರಿಜಿಸ್ಟ್ರಿಯ ಹಕ್ಕಿನ ತೊಂದರೆ, 1920 ಆದರೆ ತಂತ್ರಾಂಶದ ಸೇವೆಯೊಂದು ಆರಂಭವಾಗಲಿಲ್ಲ. ಬರಿಯ ಚಿಕ್ಕ ಸಂಖ್ಯೆಗಳೂ ಸಿಗುತ್ತವೆ: 5 ಎಂದರೆ ಪ್ರವೇಶ ನಿರಾಕರಣೆ, 32 ಎಂದರೆ ಫೈಲು ಬೇರೆಯವರ ಕೈಯಲ್ಲಿದೆ, 112 ಎಂದರೆ ಡಿಸ್ಕ್ ತುಂಬಿದೆ. ಕೊನೆಯ ಪೆಟ್ಟಿಗೆ 1603 ಎನ್ನುತ್ತಿದ್ದರೂ ಒಳಗಿನ ದಾಖಲೆ 32 ಎಂದು, ಪಕ್ಕದಲ್ಲೇ ಆ ಫೈಲಿನ ಹೆಸರನ್ನೂ ಹೇಳುತ್ತಿರುತ್ತದೆ. ಆ ಫೈಲನ್ನು ಹಿಡಿದಿರುವ ಕಾರ್ಯಕ್ರಮವನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಮುಚ್ಚಿದರೆ ಮುಗಿಯಿತು.

ಹಳೆಯ ಆವೃತ್ತಿ ಹೋಗುತ್ತಲೂ ಇಲ್ಲ, ಹೊಸದು ಬರುತ್ತಲೂ ಇಲ್ಲ, 1612 ಅಥವಾ 1714 ಎನ್ನುತ್ತಿದೆ ಎಂದಾದರೆ ಒಂದು ಪ್ರಶ್ನೆ: ಸಿ ಡ್ರೈವಿನಲ್ಲಿ ಜಾಗ ಮಾಡಲು ಯಾರಾದರೂ ವಿಂಡೋಸ್ ಫೋಲ್ಡರಿನೊಳಗಿನ ಇನ್‌ಸ್ಟಾಲರ್ ಎಂಬ ಅಡಗಿದ ಫೋಲ್ಡರನ್ನು ಖಾಲಿ ಮಾಡಿದ್ದಾರೆಯೇ? ಅದು ಹಲವು ಜಿಬಿ ಇರುವುದರಿಂದ ಕಸದಂತೆ ಕಾಣುತ್ತದೆ. ತೆಗೆಯುವಾಗ, ದುರಸ್ತಿಯಾಗುವಾಗ ಬೇಕಾಗುವ ಪ್ಯಾಕೇಜುಗಳು ಇರುವುದು ಅಲ್ಲೇ. ಕಳೆದುಕೊಂಡಿದ್ದರೆ ಅದೇ ಹಳೆಯ ಆವೃತ್ತಿಯ ಮೂಲ ಇನ್‌ಸ್ಟಾಲರನ್ನು ಹುಡುಕಿ ಓಡಿಸಬೇಕು. ಅದೂ ಸಿಗದಿದ್ದರೆ, ಇನ್‌ಸ್ಟಾಲ್ ಮತ್ತು ಅನ್‌ಇನ್‌ಸ್ಟಾಲ್ ತೊಂದರೆಗಳಿಗೆಂದು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಟ್ರಬಲ್‌ಶೂಟರ್ ಆ ತಂತ್ರಾಂಶದ ರಿಜಿಸ್ಟ್ರಿ ನಮೂದುಗಳನ್ನು ಕಿತ್ತುಹಾಕಬಲ್ಲದು.

ಮುಗಿಯಿತು, ಆದರೆ ತೆರೆಯುತ್ತಿಲ್ಲ

ಇಲ್ಲಿ ಹೆಚ್ಚಾಗಿ ಕಾಣುವುದು "ವಿಸಿರನ್‌ಟೈಮ್140 ಡಿಎಲ್‌ಎಲ್ ಸಿಗಲಿಲ್ಲ" ಅಥವಾ "ಎಂಎಸ್‌ವಿಸಿಪಿ140 ಸಿಗಲಿಲ್ಲ" ಎಂಬ ಸಂದೇಶ. ಡಿಎಲ್‌ಎಲ್ ಎಂದರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಹಾಯಕ ಫೈಲು. ಆ ಹೆಸರು ಹುಡುಕಿದರೆ ಬಿಡಿ ಡಿಎಲ್‌ಎಲ್ ಫೈಲುಗಳನ್ನು ಹಂಚುವ ತಾಣಗಳು ಸಾಲುಗಟ್ಟಿ ನಿಲ್ಲುತ್ತವೆ. ಅಲ್ಲಿಂದ ಏನನ್ನೂ ತರಬೇಡಿ. ಯಾರು ಏನು ಸೇರಿಸಿದ್ದಾರೆಂದು ಗೊತ್ತಿರುವುದಿಲ್ಲ, ಆವೃತ್ತಿಯೂ ಹೊಂದುವುದಿಲ್ಲ. ಇವೆರಡೂ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜಿನ ಭಾಗ. 2015ರ ಬಳಿಕದ ಆವೃತ್ತಿಗಳೆಲ್ಲ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ. 64 ಬಿಟ್ ಯಂತ್ರದಲ್ಲೂ ಎಕ್ಸ್64 (64 ಬಿಟ್) ಮತ್ತು ಎಕ್ಸ್86 (32 ಬಿಟ್) ಎರಡನ್ನೂ ಹಾಕಿ, ಏಕೆಂದರೆ 32 ಬಿಟ್ ತಂತ್ರಾಂಶಕ್ಕೆ 32 ಬಿಟ್ ಡಿಎಲ್‌ಎಲ್‌ಗಳೇ ಬೇಕು.

ಈ ಎರಡು ಜಾತಿ ಬೆರೆತಾಗ ಬರುವ ದೋಷ 0ಎಕ್ಸ್‌ಸಿ000007ಬಿ. ಗೊಂದಲಕ್ಕೆ ವಿಂಡೋಸ್‌ನ ಹೆಸರಿಡುವ ಕ್ರಮವೂ ಕಾರಣ: 64 ಬಿಟ್ ಯಂತ್ರದಲ್ಲಿ ಸಿಸ್ಟಮ್32 ಎಂಬ ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲುಗಳು, 32 ಬಿಟ್‌ನವು ಇರುವುದು ಸಿಸ್‌ವಾವ್64 ಎಂಬುದರಲ್ಲಿ. ಎಲ್ಲಿಂದಲೋ ತಂದ ಡಿಎಲ್‌ಎಲ್ ಅನ್ನು ಹೆಸರು ನೋಡಿ ಸಿಸ್ಟಮ್32ಕ್ಕೆ ಹಾಕಿದವರು ಈ ದೋಷವನ್ನು ಕೈಯಾರೆ ತಂದುಕೊಂಡಿರುತ್ತಾರೆ. ಹಾಕಿದ್ದನ್ನು ತೆಗೆದು, ಎರಡೂ ಪ್ಯಾಕೇಜುಗಳನ್ನು ರಿಪೇರ್ ಮಾಡಿ.

ಹಲವು ಹಳೆಯ ತಂತ್ರಾಂಶಗಳಿಗೆ ಆಧಾರವಾದ ಡಾಟ್‌ನೆಟ್ 3.5 ಬೇಕು ಎಂದು ಕೇಳಿದರೆ, ಅದು ವಿಂಡೋಸ್ 10ರಲ್ಲಿ ಆಫ್ ಮಾಡಿಟ್ಟ ಐಚ್ಛಿಕ ಅಂಗ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಗುರುತು ಹಾಕಿದರೆ ಅಂತರ್ಜಾಲದಿಂದ ಬರುತ್ತದೆ. 0ಎಕ್ಸ್800ಎಫ್081ಎಫ್ ಎಂದು ಸೋತರೆ ಅದೇ ಆವೃತ್ತಿಯ ವಿಂಡೋಸ್ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ನಕಲಿರುವ ಫೈಲು) ತೆರೆದು, ಅದರ ಸೋರ್ಸಸ್ ಫೋಲ್ಡರಿನೊಳಗಿನ ಎಸ್‌ಎಕ್ಸ್‌ಎಸ್ ಅನ್ನು ಮೂಲವಾಗಿ ತೋರಿಸಿ ವಿಂಡೋಸ್‌ನ ಅಂಗಗಳನ್ನು ಹಾಕುವ, ದುರಸ್ತಿ ಮಾಡುವ ಡಿಸ್ಮ್ (dism) ಆಜ್ಞೆಯಿಂದ ಹಾಕಬಹುದು. ಇಂಟರ್ನೆಟ್ ಇಲ್ಲದ ಶಾಲಾ ಕೋಣೆಯಲ್ಲಿ ಇದೊಂದೇ ದಾರಿ.

ಹಳೆಯ ಕನ್ನಡ ತಂತ್ರಾಂಶಗಳ ಮಾತು

ತೊಂಬತ್ತರ ದಶಕದ ಸಿಡಿಯೊಂದನ್ನು ಜೋಪಾನ ಮಾಡಿಟ್ಟವರಿಗೆ "ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡಲಾರದು" ಎಂಬ ಉತ್ತರ ಸಿಕ್ಕರೆ, ಅದರ ಇನ್‌ಸ್ಟಾಲರ್ 16 ಬಿಟ್‌ನದಾಗಿರಬಹುದು. 64 ಬಿಟ್ ವಿಂಡೋಸ್ ಅಂಥವನ್ನು ಓಡಿಸುವುದಿಲ್ಲ. ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ. ಕಂಪ್ಯಾಟಿಬಿಲಿಟಿ ಮೋಡ್ ಇಲ್ಲಿ ಕೆಲಸಕ್ಕೆ ಬಾರದು. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್ ಯಂತ್ರದಲ್ಲಿ ಹಳೆಯ 32 ಬಿಟ್ ವಿಂಡೋಸ್ ಹಾಕಿಕೊಳ್ಳುವುದೇ ಮಾರ್ಗ.

ನುಡಿ, ಬರಹದಂಥ ಟೈಪಿಂಗ್ ಸಾಧನಗಳದ್ದು ಬೇರೆ ಸ್ವಭಾವ. ನೀವು ಯಾವ ಕಾರ್ಯಕ್ರಮದಲ್ಲಿ ಟೈಪಿಸಿದರೂ ಕೀಲಿಗಳನ್ನು ಹಿಡಿದು ಕನ್ನಡಕ್ಕೆ ತಿರುಗಿಸಬೇಕಾದ್ದು ಇಂಥ ಸಾಧನಗಳ ಕೆಲಸ. ಕೀಲಿಗಳ್ಳ ವೈರಸ್‌ಗಳು ಮಾಡುವುದೂ ಮೇಲ್ನೋಟಕ್ಕೆ ಅದನ್ನೇ. ಹೀಗಾಗಿ ಅವುಗಳ ಮೇಲೆ ಆಂಟಿವೈರಸ್ ಸುಮ್ಮನೆ ಅನುಮಾನಪಡುವುದುಂಟು. ಅಧಿಕೃತ ಮೂಲದ ಫೈಲಾದರೆ ಆ ಒಂದು ಕಾರ್ಯಕ್ರಮಕ್ಕೆ ಮಾತ್ರ ವಿನಾಯಿತಿ ಕೊಡಿ, ಇಡೀ ಡ್ರೈವಿಗಲ್ಲ.

ಇನ್‌ಸ್ಟಾಲ್ ಆಗಿದೆ, ನೋಟ್‌ಪ್ಯಾಡಿನಲ್ಲಿ ಕನ್ನಡ ಬರುತ್ತದೆ, ಒಂದು ನಿರ್ದಿಷ್ಟ ತಂತ್ರಾಂಶದಲ್ಲಿ ಮಾತ್ರ ಇಂಗ್ಲಿಷೇ ಮೂಡುತ್ತದೆ ಎಂಬ ದೂರಿಗೆ ಕಾರಣ ಬಹುತೇಕ ಒಂದೇ: ಆ ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡುತ್ತಿದೆ, ಕೀಲಿಮಣೆ ಸಾಧನ ಸಾಮಾನ್ಯ ಹಕ್ಕಿನಲ್ಲಿದೆ. ಕೆಳಗಿನ ಹಕ್ಕಿನ ಕಾರ್ಯಕ್ರಮ ಮೇಲಿನದರ ಕೀಲಿಗಳನ್ನು ಮುಟ್ಟದಂತೆ ವಿಂಡೋಸ್ ತಡೆಯುತ್ತದೆ. ಎರಡನ್ನೂ ಒಂದೇ ಹಕ್ಕಿಗೆ ತನ್ನಿ. ಇದಕ್ಕಾಗಿ ಮರುಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ.

ಯಾವುದೂ ನಾಟದಿದ್ದರೆ

ಇಂಗ್ಲಿಷ್ ಹೆಸರಿನ ಹೊಸ ಅಡ್ಮಿನಿಸ್ಟ್ರೇಟರ್ ಖಾತೆಯೊಂದರಲ್ಲಿ ಇನ್‌ಸ್ಟಾಲರ್ ಓಡಿಸಿ ನೋಡಿ. ಅಲ್ಲಿ ನಡೆದರೆ ದೋಷ ಖಾತೆಯದು, ಅಲ್ಲೂ ಸೋತರೆ ವ್ಯವಸ್ಥೆಯದು ಅಥವಾ ತಂತ್ರಾಂಶದ್ದು. ವ್ಯವಸ್ಥೆಯ ಮೇಲೆ ಅನುಮಾನವಿದ್ದರೆ ಮೊದಲು ಡಿಸ್ಮ್‌ನ ರೀಸ್ಟೋರ್‌ಹೆಲ್ತ್, ಬಳಿಕ ವ್ಯವಸ್ಥೆಯ ಫೈಲುಗಳನ್ನು ಪರೀಕ್ಷಿಸಿ ಸರಿಪಡಿಸುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow), ಇದೇ ಕ್ರಮದಲ್ಲಿ. ಎರಡನೆಯದು ದುರಸ್ತಿಗೆ ಬಳಸುವ ಮೂಲ ಪ್ರತಿಗಳನ್ನು ಮೊದಲನೆಯದು ಸರಿಮಾಡುತ್ತದೆ.

ತಯಾರಕರ ಸಹಾಯವಾಣಿಗೆ ಬರೆಯುವುದಾದರೆ ವಿಂಡೋಸ್ ಆವೃತ್ತಿ, ಇನ್‌ಸ್ಟಾಲರ್ ಫೈಲಿನ ಪೂರ್ಣ ಹೆಸರು, ಮೊದಲ ಸೋಲಿನ ಸುತ್ತಲಿನ ದಾಖಲೆಯ ಸಾಲುಗಳು ಇಷ್ಟನ್ನು ಕಳಿಸಿ. ಪೂರ್ತಿ ದಾಖಲೆ ಕಳಿಸುವ ಮುನ್ನ ಅದರಲ್ಲಿ ನಿಮ್ಮ ಹೆಸರು, ಲೈಸೆನ್ಸ್ ಕೀಲಿ ಇದ್ದರೆ ಅಳಿಸಿ.

ಫಾರ್ಮ್ಯಾಟ್‌ಗಿಂತ ಮೊದಲು ಉಳಿಯುವ ಕೊನೆಯ ಅಸ್ತ್ರ, ಇರುವ ವಿಂಡೋಸ್ ಮೇಲೆಯೇ ಅದೇ ವಿಂಡೋಸನ್ನು ಮತ್ತೆ ಹಾಕುವುದು. ಐಎಸ್‌ಒ ತೆರೆದು ಅದರ ಸೆಟಪ್ ಓಡಿಸಿ, ಫೈಲು ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಆರಿಸಿದರೆ ತಂತ್ರಾಂಶಗಳೂ ಉಳಿಯುತ್ತವೆ. ಆ ಆಯ್ಕೆ ಮಂಕಾಗಿ, ಒತ್ತಲು ಬಾರದಂತೆ ಕಂಡರೆ ಮುಂದುವರಿಯಬೇಡಿ. ಐಎಸ್‌ಒದ ಭಾಷೆ ಅಥವಾ ಆವೃತ್ತಿ ಹೊಂದುತ್ತಿಲ್ಲ. ನಿಮ್ಮ ವಿಂಡೋಸ್ ಕನ್ನಡದಲ್ಲಿ ಕಾಣುತ್ತಿದ್ದರೂ ಅದರ ತಳಹದಿ ಇಂಗ್ಲಿಷ್, ಕನ್ನಡ ಅದರ ಮೇಲೆ ಹೊದಿಸಿದ ಭಾಷಾ ಪ್ಯಾಕ್. ಇಂಗ್ಲಿಷಿನಲ್ಲೂ ಅಮೆರಿಕದ್ದು, ಇಂಟರ್‌ನ್ಯಾಷನಲ್ ಎಂದು ಎರಡಿವೆ. ಡಿಸ್ಮ್‌ಗೆ ಗೆಟ್-ಇಂಟ್ಲ್ ಎಂದು ಕೇಳಿದರೆ ಬರುವ ಉತ್ತರದಲ್ಲಿ ವ್ಯವಸ್ಥೆಯ ಮೂಲ ಭಾಷೆ ಇಎನ್-ಯುಎಸ್ ಎಂದಿದ್ದರೆ ಮೊದಲನೆಯದನ್ನು, ಇಎನ್-ಜಿಬಿ ಎಂದಿದ್ದರೆ ಎರಡನೆಯದನ್ನು ಇಳಿಸಿಕೊಳ್ಳಿ.